ಲೋಕನಿರುಕ್ತಿ ಮತ್ತು ಶಬ್ದಗಳ ನಿಜಮೂಲ

ತಾನು ನುಡಿಯುವ ಶಬ್ದ ಎಲ್ಲಿಂದ ಬಂದಿತೆಂದು ತಿಳಿಯುವ ಕುತೂಹಲ ಮನುಷ್ಯನಿಗೆ ಸಹಜವಾದುದು. ಊರಿನ ಹೆಸರು, ಹಬ್ಬದ ಹೆಸರು, ಅಡುಗೆಮನೆಯ ಪದಾರ್ಥದ ಹೆಸರು, ಪೂಜೆಯ ಉಪಕರಣದ ಹೆಸರು ಇವು ಯಾವುವನ್ನೂ ಬರಿಯ ಧ್ವನಿಗಳೆಂದು ಒಪ್ಪಲು ಜನಮನ ಸಿದ್ಧವಿಲ್ಲ. ಮೂಲಾರ್ಥವು ಮರೆತುಹೋದಲ್ಲಿ ಅದು ಹೊಸದೊಂದು ಅರ್ಥವನ್ನು ಕಟ್ಟುತ್ತದೆ. ಶಬ್ದವನ್ನು ಪರಿಚಿತವಾದ ತುಂಡುಗಳಾಗಿ ಒಡೆದು, ಆ ತುಂಡುಗಳಿಗೆ ಹೊಂದುವಂತೆ ಒಂದು ಕಥೆಯನ್ನು ಹೆಣೆಯುತ್ತದೆ. ಹೀಗೆ ಹುಟ್ಟಿದ ವಿವರಣೆಯನ್ನು ಲೋಕನಿರುಕ್ತಿ ಎನ್ನಬಹುದು. ಇದಕ್ಕೆ ತನ್ನದೇ ಆದ ಸೊಗಸುಂಟು. ಆದರೆ ಈ ಕಥೆಯನ್ನೇ ಇತಿಹಾಸವೆಂದು ಸ್ವೀಕರಿಸಿದಾಗ ಅನರ್ಥಕ್ಕೆ ಎಡೆಯಾಗುತ್ತದೆ. ವಚನ ವಾಙ್ಮಯವನ್ನು ಓದುವವರಿಗಂತೂ ಈ ವಿವೇಕ ಅತ್ಯಗತ್ಯ. ಏಕೆಂದರೆ ಶರಣರು ಬಳಸಿದ ಶಬ್ದಗಳು ಹನ್ನೆರಡನೆಯ ಶತಮಾನದ ಜನರ ಆಡುನುಡಿಯ ಶಬ್ದಗಳು, ಅವುಗಳ ಮೇಲೆ ಎಂಟು ಶತಮಾನಗಳ ಅರ್ಥದ ಪದರಗಳು ಕುಳಿತಿವೆ.

ಶಬ್ದಮೂಲದ ಚರ್ಚೆ ಈ ನಾಡಿಗೆ ಹೊಸದಲ್ಲ. ಯಾಸ್ಕನ ನಿರುಕ್ತದಲ್ಲಿಯೇ ಈ ವಿಷಯದಲ್ಲಿ ಎರಡು ಪಕ್ಷಗಳಿದ್ದುವು. ನಾಮಪದಗಳೆಲ್ಲವೂ ಧಾತುಗಳಿಂದಲೇ ಹುಟ್ಟಿದುವೆಂದು ಶಾಕಟಾಯನನ ಮತ. ಎಲ್ಲವೂ ಹಾಗಲ್ಲವೆಂದು ಗಾರ್ಗ್ಯನ ಆಕ್ಷೇಪ. ದಾರಿಯನ್ನು ವ್ಯಾಪಿಸಿ ನಡೆಯುವುದರಿಂದ ಕುದುರೆಗೆ ‘ಅಶ್ವ’ವೆಂಬ ಹೆಸರಾಯಿತೆಂದರೆ, ದಾರಿ ನಡೆಯುವ ಪ್ರತಿಯೊಂದನ್ನೂ ಅಶ್ವವೆಂದೇ ಕರೆಯಬೇಕಲ್ಲವೆ ಎಂಬುದು ಆ ಆಕ್ಷೇಪದ ಸ್ವರೂಪ. ಯಾಸ್ಕನು ಇದಕ್ಕೆ ಸಮಾಧಾನ ಹೇಳಿದ್ದಾನೆ. ಆದರೂ ಶಬ್ದವನ್ನು ಒಡೆದೊಡನೆ ಮೂಲ ದೊರೆಯಿತೆಂದು ತೃಪ್ತಿಪಡಬಾರದೆಂಬ ಎಚ್ಚರಿಕೆ ಅಷ್ಟು ಹಿಂದೆಯೇ ಇದ್ದಿತೆಂಬುದು ಗಮನಾರ್ಹ. ಕನ್ನಡದಲ್ಲಿ ಕೇಶಿರಾಜನು ಸುಮಾರು ಕ್ರಿ. ಶ. ೧೨೬೦ರಲ್ಲಿ ರಚಿಸಿದ ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸಂಸ್ಕೃತ ಶಬ್ದಗಳು ಕನ್ನಡಕ್ಕೆ ಬರುವಾಗ ಯಾವ ಅಕ್ಷರ ಯಾವ ಅಕ್ಷರವಾಗುತ್ತದೆಂಬುದನ್ನು ಅದು ಉದಾಹರಣೆಗಳೊಡನೆ ನಿರೂಪಿಸುತ್ತದೆ. ಧ್ವನಿವ್ಯತ್ಯಾಸಕ್ಕೆ ನಿಯಮವುಂಟೆಂಬ ಈ ಅರಿವೇ ಶಬ್ದಶಾಸ್ತ್ರದ ತಳಹದಿ. ಮುಂದೆ ೧೮೯೪ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟು, ೧೯೬೧ರಲ್ಲಿ ಹೊರಬಂದ ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶ, ೧೯೭೦ರಿಂದ ೧೯೯೫ರ ವರೆಗೆ ಎಂಟು ಸಂಪುಟಗಳಲ್ಲಿ ಪೂರ್ಣಗೊಂಡ ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಇವು ಈ ತಳಹದಿಯ ಮೇಲೆ ಎದ್ದು ನಿಂತ ಕಟ್ಟಡಗಳು.

ಶಬ್ದದ ನಿಜಮೂಲವನ್ನು ಅರಸುವವರು ಮುಖ್ಯವಾಗಿ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಾಗುತ್ತದೆ. ಶಾಸನ ಮತ್ತು ಕಾವ್ಯಗಳಲ್ಲಿ ಆ ಶಬ್ದದ ಅತ್ಯಂತ ಹಳೆಯ ರೂಪ ಯಾವುದು? ಆ ರೂಪದಿಂದ ಇಂದಿನ ರೂಪಕ್ಕೆ ಬರಲು ಭಾಷೆಯ ಧ್ವನಿನಿಯಮ ಒಪ್ಪುತ್ತದೆಯೆ? ನೆರೆಯ ಮತ್ತು ಸೋದರ ಭಾಷೆಗಳಲ್ಲಿ ಅದರ ಜ್ಞಾತಿ ಶಬ್ದಗಳುಂಟೆ? ಅರ್ಥವು ಬದಲಾಗಿದ್ದರೆ ಬದಲಾದ ಬಗೆಯನ್ನು ವಿವರಿಸಬಹುದೆ? ಈ ನಾಲ್ಕಕ್ಕೂ ಉತ್ತರ ಕೊಡದ ವ್ಯುತ್ಪತ್ತಿಯು ಎಷ್ಟೇ ರಮ್ಯವಾಗಿದ್ದರೂ ಊಹೆಯ ಮಟ್ಟದಲ್ಲಿಯೇ ನಿಲ್ಲುತ್ತದೆ.

೧. ಊರುಗಳ ಹೆಸರು

ಲೋಕನಿರುಕ್ತಿಗೆ ಅತ್ಯಂತ ಫಲವತ್ತಾದ ಕ್ಷೇತ್ರ ಸ್ಥಳನಾಮಗಳದು. ಹೊಯ್ಸಳ ಬಲ್ಲಾಳರಾಯನು ಬೇಟೆಯಲ್ಲಿ ದಾರಿ ತಪ್ಪಿ, ಹಸಿದು ಬಂದಾಗ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳೆಂದೂ, ಅದರಿಂದ ಆ ಸ್ಥಳ ‘ಬೆಂದಕಾಳೂರು’ ಎನಿಸಿ ಬೆಂಗಳೂರಾಯಿತೆಂದೂ ಹೇಳುವ ಕಥೆ ಸುಪ್ರಸಿದ್ಧ. ಇಮ್ಮಡಿ ಬಲ್ಲಾಳನು ಆಳಿದುದು ೧೧೭೩ರಿಂದ ೧೨೨೦ರ ವರೆಗೆ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ದೊರೆತ, ಗಂಗರ ಕಾಲದ, ಸುಮಾರು ಕ್ರಿ. ಶ. ೮೯೦ರ ವೀರಗಲ್ಲು ಬೆಂಗಳೂರಿನ ಕಾಳಗವನ್ನು ಹೆಸರಿಸುತ್ತದೆ. ಬಲ್ಲಾಳನು ಹುಟ್ಟುವುದಕ್ಕೆ ಎರಡು ಶತಮಾನಗಳಿಗೂ ಹಿಂದೆ ಊರೂ ಇದ್ದಿತು, ಹೆಸರೂ ಇದ್ದಿತು. ಒಂದು ಕಲ್ಲಿನ ಸಾಕ್ಷ್ಯದ ಮುಂದೆ ಕಥೆಯ ಕಾಲಗಣನೆ ನಿಲ್ಲಲಾರದು. ಮುದುಕಿಯ ಆತಿಥ್ಯದ ಕಥೆ ಜನರ ಮೆಚ್ಚುಗೆಗೆ ಪಾತ್ರವಾಗಿ ಉಳಿಯಲಿ. ಅದು ಹೆಸರಿನ ಹುಟ್ಟನ್ನು ತಿಳಿಸುವ ಆಧಾರವಾಗಲಾರದು.

ಐಹೊಳೆಯ ಉದಾಹರಣೆ ಇದಕ್ಕಿಂತಲೂ ಬೋಧಪ್ರದವಾದುದು. ಪರಶುರಾಮನು ಕ್ಷತ್ರಿಯರ ರಕ್ತದಿಂದ ತೊಯ್ದ ಕೊಡಲಿಯನ್ನು ಮಲಪ್ರಭೆಯಲ್ಲಿ ತೊಳೆದಾಗ ನೀರು ಕೆಂಪಾಯಿತೆಂದೂ, ಅದನ್ನು ಕಂಡ ಹೆಂಗಸು ‘ಅಯ್ಯೋ ಹೊಳೆ!’ ಎಂದು ಉದ್ಗರಿಸಿದಳೆಂದೂ ಸ್ಥಳೀಯರು ಹೇಳುತ್ತಾರೆ. ಶಾಸನಗಳಲ್ಲಿ ಈ ಊರಿನ ಹೆಸರು ‘ಅಯ್ಯವೊಳೆ’. ಇದನ್ನೇ ಸಂಸ್ಕೃತದಲ್ಲಿ ‘ಆರ್ಯಪುರ’ವೆಂದು ಬರೆದಿದ್ದಾರೆ. ಅಯ್ಯ ಎಂಬುದಕ್ಕೆ ಆರ್ಯ, ಉಳಿದ ಭಾಗಕ್ಕೆ ಪುರ ಎಂದು ಅಂದಿನವರೇ ಮಾಡಿದ ಅನುವಾದದಿಂದ ಎರಡನೆಯ ಭಾಗವು ಹೊಳೆಯಲ್ಲ, ಪಟ್ಟಣವೆಂಬ ಅರ್ಥದ ‘ಪೊೞಲ್’ ಎಂಬುದು ಸ್ಪಷ್ಟವಾಗುತ್ತದೆ. ಅನತಿದೂರದಲ್ಲಿರುವ ಪಟ್ಟದಕಲ್ಲಿನ ಹಳೆಯ ಹೆಸರು ‘ಕಿಸುವೊೞಲ್’, ಎಂದರೆ ಕೆಂಪು ಪಟ್ಟಣ, ಎಂಬುದು ಈ ನಿರ್ಣಯವನ್ನು ದೃಢಪಡಿಸುತ್ತದೆ. ಅಲ್ಲಿಯೂ ಸಮಾಸದಲ್ಲಿ ಪಕಾರಕ್ಕೆ ವಕಾರ ಬಂದಿದೆ. ಹೀಗೆ ಐಹೊಳೆ ಎಂದರೆ ಅಯ್ಯಗಳ, ಪೂಜ್ಯರ ಪಟ್ಟಣ. ರವಿಕೀರ್ತಿಯು ೬೩೪ರಲ್ಲಿ ಮೇಗುಟಿಯ ಜಿನಾಲಯವನ್ನು ಕಟ್ಟಿಸಿದ ಊರು ಇದು. ದಕ್ಷಿಣಾಪಥದಲ್ಲೆಲ್ಲ ವ್ಯಾಪಾರ ನಡೆಸಿದ ‘ಅಯ್ಯವೊಳೆ ಐನೂರ್ವರು’ ಎಂಬ ವರ್ತಕ ಸಂಘಕ್ಕೆ ಹೆಸರು ಕೊಟ್ಟ ಊರು ಇದು. ಉದ್ಗಾರದ ಕಥೆಯನ್ನೇ ನಂಬಿ ನಿಂತವರಿಗೆ ಈ ಗೌರವಾರ್ಥ ಕಾಣದೆ ಹೋಗುತ್ತದೆ.

ಶರಣಕ್ಷೇತ್ರವಾದ ಕೂಡಲಸಂಗಮದ ಹೆಸರಿನಲ್ಲಿ ಇನ್ನೊಂದು ಬಗೆಯ ವಿಶೇಷವಿದೆ. ಎರಡು ಹೊಳೆಗಳು ಕೂಡುವ ಎಡೆಗೆ ಕನ್ನಡದಲ್ಲಿ ‘ಕೂಡಲ್’, ಸಂಸ್ಕೃತದಲ್ಲಿ ‘ಸಂಗಮ’. ಕೃಷ್ಣಾ ಮಲಪ್ರಭೆಗಳು ಸೇರುವ ಆ ಸ್ಥಾನದ ಹೆಸರಿನಲ್ಲಿ ಒಂದೇ ಅರ್ಥದ ದೇಶ್ಯ ಮತ್ತು ಸಂಸ್ಕೃತ ಪದಗಳು ಜೊತೆಯಾಗಿ ನಿಂತಿವೆ. ಬಸವಣ್ಣನವರ ಅಂಕಿತದಲ್ಲಿ ಇವೆರಡರ ಮುಂದೆ ‘ದೇವ’ ಸೇರಿದಾಗ ಅದು ಕೂಡುವಿಕೆಯ ದೇವನ ಹೆಸರಾಗುತ್ತದೆ.

೨. ಮನೆಯ ಮಾತು, ಊರಿನ ಮಾತು

ಹಳಗನ್ನಡದ ಪದಾದಿಯ ಪಕಾರವು ಹತ್ತನೆಯ ಶತಮಾನದಿಂದೀಚೆಗೆ ಕ್ರಮಕ್ರಮವಾಗಿ ಹಕಾರವಾಯಿತೆಂಬುದು ಕನ್ನಡದ ಮುಖ್ಯ ಧ್ವನಿನಿಯಮಗಳಲ್ಲೊಂದು. ಪಾಲ್ ಹಾಲಾಯಿತು, ಪೂ ಹೂವಾಯಿತು, ಪಂಪೆ ಹಂಪೆಯಾಯಿತು. ಈ ನಿಯಮವನ್ನು ಅರಿಯದವರಿಗೆ ‘ಹಬ್ಬ’ವೆಂದರೆ ಸಂತೋಷವು ಎಲ್ಲೆಡೆ ಹಬ್ಬುವುದೆಂದು ತೋರುವುದು ಸಹಜ. ನಿಜವಾಗಿ ಅದು ಸಂಸ್ಕೃತದ ‘ಪರ್ವ’. ಪರ್ವವು ಪರ್ಬವಾಗಿ, ಪರ್ಬವು ಹಬ್ಬವಾಯಿತು. ಪರ್ವವೆಂದರೆ ಮೂಲತಃ ಬಿದಿರು, ಕಬ್ಬುಗಳ ಗೆಣ್ಣು. ಅಮಾವಾಸ್ಯೆ ಹುಣ್ಣಿಮೆಗಳು ಕಾಲವೆಂಬ ಕಬ್ಬಿನ ಗೆಣ್ಣುಗಳಾದುದರಿಂದ ಅವಕ್ಕೆ ಪರ್ವವೆಂದು ಹೆಸರಾಯಿತು. ಮಹಾಭಾರತದ ವಿಭಾಗಗಳನ್ನು ಪರ್ವಗಳೆನ್ನುವುದೂ ಈ ಅರ್ಥದಿಂದಲೇ. ‘ಹಳ್ಳಿ’ಯನ್ನು ಹಳ್ಳದೊಡನೆ ಜೋಡಿಸುವುದೂ ಇಂಥದೇ ತೋರಿಕೆ. ಹಳ್ಳಿಯು ಹಿಂದಿನ ‘ಪಳ್ಳಿ’. ನೆಲಸುವ ಎಡೆಯೆಂಬ ಅರ್ಥದಲ್ಲಿ ತಮಿಳಿನಲ್ಲಿಯೂ ಅದು ಉಂಟು. ಹಳ್ಳವು ತಗ್ಗು ನೆಲವೆಂಬರ್ಥದ ‘ಪಳ್ಳ’ದಿಂದ ಬಂದ ಬೇರೆಯ ಶಬ್ದ.

ಅಡುಗೆಮನೆಯ ‘ಮೆಣಸಿನಕಾಯಿ’ ವಚನಗಳನ್ನು ಓದುವವರಿಗೆ ಒಂದು ಪಾಠ. ಈ ಗಿಡದ ತವರು ಅಮೆರಿಕ ಖಂಡ. ವಾಸ್ಕೋ ಡ ಗಾಮನು ೧೪೯೮ರಲ್ಲಿ ಕಲ್ಲಿಕೋಟೆಗೆ ಬಂದ ಮೇಲೆ ಪೋರ್ತುಗೀಜರ ಮೂಲಕ ಅದು ಈ ನಾಡನ್ನು ಸೇರಿತು. ಅದಕ್ಕೆ ಮೊದಲು ಇಲ್ಲಿಯವರ ಖಾರವೆಂದರೆ ಕಾಳುಮೆಣಸು. ಹೊಸ ಕಾಯಿಗೆ ಜನರು ಹಳೆಯ ಖಾರದ ಹೆಸರನ್ನೇ ಸೇರಿಸಿ ಮೆಣಸಿನಕಾಯಿ ಎಂದರು. ತಮಿಳರೂ ‘ಮಿಳಗು’ ಎಂಬ ತಮ್ಮ ಶಬ್ದಕ್ಕೆ ಕಾಯಿಯನ್ನು ಸೇರಿಸಿ ‘ಮಿಳಗಾಯ್’ ಎಂದರು. ಆದುದರಿಂದ ಹನ್ನೆರಡನೆಯ ಶತಮಾನದ ಗ್ರಂಥದಲ್ಲಿ ಮೆಣಸು ಬಂದರೆ ಅದು ಕರಿಯ ಕಾಳೇ ಆಗಿರಬೇಕು. ಇಂದು ಮನೆಮಾತಾಗಿರುವ ‘ಪಗಾರ’ವೂ ‘ಬಟಾಟೆ’ಯೂ ಪೋರ್ತುಗೀಜ್ ಮೂಲದವು; ‘ತಾಲ್ಲೂಕು’ ಅರಬ್ಬಿ ಮೂಲದಿಂದ ಆಡಳಿತದ ಮಾರ್ಗವಾಗಿ ಬಂದುದು. ಹಳೆಯ ಗ್ರಂಥವೆಂದು ಹೇಳಿಕೊಳ್ಳುವ ಬರಹದಲ್ಲಿ ಇಂಥ ಶಬ್ದಗಳು ಕಂಡರೆ ಅದರ ಕಾಲವನ್ನು ಮತ್ತೊಮ್ಮೆ ಪರಿಶೀಲಿಸಬೇಕಾಗುತ್ತದೆ. ಗ್ರಂಥಸಂಪಾದನೆಯಲ್ಲಿ ಪ್ರಕ್ಷಿಪ್ತವನ್ನು ಗುರುತಿಸಲು ಶಬ್ದಮೂಲದ ಜ್ಞಾನ ಹೀಗೆ ನೇರವಾಗಿ ನೆರವಾಗುತ್ತದೆ.

ಊರಿನ ಅಧಿಕಾರ ಪದಗಳಲ್ಲಿಯೂ ಇದೇ ಸ್ಥಿತಿ. ‘ಶಾನಭೋಗ’ ಎಂಬ ಈಚಿನ ರೂಪವನ್ನು ಶಾನ, ಭೋಗ ಎಂದು ಒಡೆದು ಅರ್ಥ ಹೇಳುವುದು ಸಲ್ಲದು. ಶಾಸನಗಳಲ್ಲಿ ಲೆಕ್ಕಪತ್ರ ಬರೆಯುವ ಆ ಅಧಿಕಾರಿ ‘ಸೇನಬೋವ’. ‘ಹೆಗ್ಗಡೆ’ ಹಿಂದೆ ‘ಪೆರ್ಗಡೆ’. ‘ಗೌಡ’ ಶಬ್ದವನ್ನು ವಂಗದೇಶದ ಗೌಡಕ್ಕೆ ಜೋಡಿಸಿ ವಲಸೆಯ ಕಥೆ ಕಟ್ಟುವವರುಂಟು. ಶಾಸನಗಳಲ್ಲಿಯಾದರೋ ಗಾಮುಂಡ, ಗಾವುಂಡ, ಗೌಂಡ, ಗೌಡ ಎಂಬ ಮೆಟ್ಟಿಲುಗಳು ಒಂದಾದಮೇಲೊಂದು ಕಾಣುತ್ತವೆ. ಅದರ ಮೊದಲಲ್ಲಿರುವುದು ‘ಗ್ರಾಮ’ದ ತದ್ಭವವಾದ ‘ಗಾಮ’. ಗ್ರಾಮದ ಮುಖ್ಯಸ್ಥನೆಂಬುದೇ ಅರ್ಥ. ಹೆಸರಿನ ಹೋಲಿಕೆಯೊಂದನ್ನೇ ನಂಬಿದರೆ ಒಂದು ಜನಾಂಗದ ಚರಿತ್ರೆಯನ್ನೇ ಸಾವಿರ ಮೈಲಿ ಆಚೆಗೆ ಒಯ್ದಂತಾಗುತ್ತದೆ.

೩. ಶರಣರ ನುಡಿ

ಇನ್ನು ವೀರಶೈವ ಪರಂಪರೆಯ ಶಬ್ದಗಳು. ‘ದೇಗುಲ’ವು ದೇವಾಲಯದ ತದ್ಭವವೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಆಲಯದಿಂದ ಗುಲವಾಗುವ ನಿಯಮ ಕನ್ನಡದಲ್ಲಿಲ್ಲ. ಅದರ ಮೂಲ ‘ದೇವಕುಲ’. ಇಲ್ಲಿ ಕುಲವೆಂದರೆ ಮನೆ. ಮರಾಠಿಯ ‘ದೇಊಳ’ವೂ ಈ ದೇವಕುಲದಿಂದಲೇ ಬಂದುದು. ಬಸವಣ್ಣನವರು ದೇಹವನ್ನು ದೇಗುಲಕ್ಕೆ ಸಮೀಕರಿಸಿದ ವಚನ ಎಲ್ಲರ ನಾಲಿಗೆಯ ಮೇಲಿದೆ. ದೇಗುಲವು ದೇವರ ಮನೆಯೆಂಬ ಮೂಲಾರ್ಥವನ್ನು ನೆನೆದು ಓದಿದರೆ, ಕಲ್ಲಿನ ಕಟ್ಟಡದ ಪ್ರಮೇಯವೇ ಇಲ್ಲದೆ, ದೇವನು ವಾಸವಾಗಿರುವ ಮನೆ ಈ ಶರೀರವೆಂಬ ಭಾವ ನೇರವಾಗಿ ಮೂಡುತ್ತದೆ.

ಇಷ್ಟಲಿಂಗವನ್ನು ಇರಿಸುವ ‘ಕರಡಿಗೆ’ಗೆ ಕರಡಿಯ ಸಂಬಂಧವಿಲ್ಲವೆಂದು ಹೇಳಬೇಕಾದುದಿಲ್ಲ. ಅದು ಬುಟ್ಟಿ, ಸಂಪುಟ ಎಂಬ ಅರ್ಥದ ಸಂಸ್ಕೃತ ‘ಕರಂಡಕ’ದ ತದ್ಭವ. ಅದೇ ವಸ್ತುವಿಗೆ ಬಳಸುವ ‘ಸೆಜ್ಜೆ’ ಅಥವಾ ‘ಸಜ್ಜೆ’ಯ ಕಥೆ ಇನ್ನೂ ಹೃದ್ಯವಾದುದು. ಸಜ್ಜೆಯೆಂಬ ಧಾನ್ಯವೊಂದಿರುವುದರಿಂದ ಇವೆರಡೂ ಒಂದೇ ಎಂಬ ಭ್ರಾಂತಿಗೆ ಅವಕಾಶವುಂಟು. ಆದರೆ ಲಿಂಗದ ಸೆಜ್ಜೆಯು ಸಂಸ್ಕೃತದ ‘ಶಯ್ಯಾ’. ಪ್ರಾಕೃತದಲ್ಲಿ ‘ಸೇಜ್ಜಾ’ ಆಗಿ ಕನ್ನಡಕ್ಕೆ ಬಂದಿತು. ಹಳೆಯ ಕಾವ್ಯಗಳಲ್ಲಿ ಸೆಜ್ಜೆಯೆಂದರೆ ಹಾಸಿಗೆ, ಮಲಗುವ ಮನೆ. ಎದೆಯ ಮೇಲೆ ಧರಿಸಿದ ಆ ಪುಟ್ಟ ಸಂಪುಟವನ್ನು ಲಿಂಗಯ್ಯನು ವಿಶ್ರಮಿಸುವ ಹಾಸಿಗೆಯೆಂದು ಕರೆದ ಭಕ್ತನ ವಾತ್ಸಲ್ಯ ಈ ಒಂದು ಶಬ್ದದಲ್ಲಿ ಉಳಿದು ಬಂದಿದೆ. ಮೂಲವನ್ನು ಮರೆತವನಿಗೆ ಅದು ಒಂದು ಡಬ್ಬಿಯ ಹೆಸರು ಮಾತ್ರ.

‘ಬಸವ’ ಎಂಬ ಹೆಸರಿನ ಮೂಲ ಸಂಸ್ಕೃತದ ‘ವೃಷಭ’. ಪ್ರಾಕೃತದಲ್ಲಿ ಅದು ‘ವಸಹ’ವಾಯಿತು. ವಸತಿ ಬಸದಿಯಾದಂತೆ, ವರ್ಣ ಬಣ್ಣವಾದಂತೆ, ವೀಥಿ ಬೀದಿಯಾದಂತೆ, ವಸಹದ ವಕಾರವೂ ಬಕಾರವಾಗಿ ಬಸವನೆಂಬ ರೂಪ ನೆಲೆಗೊಂಡಿತು. ಹಳ್ಳಿಯ ಜನರು ಇಂದಿಗೂ ಎತ್ತನ್ನೂ ನಂದಿಯನ್ನೂ ಬಸವಣ್ಣನೆಂದೇ ಕರೆಯುವುದು, ಬೆಂಗಳೂರಿನ ಬಸವನಗುಡಿಗೆ ಆ ಹೆಸರಿರುವುದು ಈ ಅರ್ಥದ ಮುಂದುವರಿಕೆ. ೧೩೬೯ರಲ್ಲಿ ಭೀಮಕವಿಯು ರಚಿಸಿದ ‘ಬಸವಪುರಾಣ’ವು ಅಣ್ಣನವರನ್ನು ನಂದಿಯ ಅವತಾರವೆಂದು ವರ್ಣಿಸುವಾಗ ಪುರಾಣವೂ ಶಬ್ದಮೂಲವೂ ಒಂದನ್ನೊಂದು ಬೆಂಬಲಿಸುತ್ತವೆ. ಲೋಕದ ನೆನಪು ಯಾವಾಗಲೂ ತಪ್ಪೇ ಆಗಿರಬೇಕೆಂಬ ನಿಯಮವಿಲ್ಲ.

‘ದಾಸೋಹ’ದಲ್ಲಿ ಒಂದು ಇಡೀ ವಾಕ್ಯವೇ ಹುದುಗಿದೆ. ದಾಸಃ, ಅಹಂ ಎಂಬೆರಡು ಪದಗಳು ಸಂಧಿಯಿಂದ ‘ದಾಸೋಽಹಂ’ ಆಗುತ್ತವೆ; ನಾನು ದಾಸನು ಎಂದರ್ಥ. ವಚನಕಾರರು ಇದನ್ನು ‘ಸೋಽಹಂ’ ಎಂಬುದರ ಎದುರಿಗೆ ಇರಿಸಿ, ಅವನೇ ನಾನೆಂಬ ನುಡಿಯಲ್ಲಿ ಹೊಕ್ಕಬಹುದಾದ ಅಹಂಕಾರವನ್ನು ದಾಸ್ಯಭಾವದಿಂದ ತೊಳೆದರು. ಕ್ರಮೇಣ ಈ ವಾಕ್ಯವು ನಾಮಪದವಾಗಿ, ದಾಸಭಾವದಿಂದ ಗುರುಲಿಂಗಜಂಗಮಕ್ಕೆ ಸವೆಸುವ ಕ್ರಿಯೆಗೆ ಹೆಸರಾಯಿತು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಬದುಕಿನಲ್ಲಿ ಕಾಯಕದೊಡನೆ ಜೋಡಿಯಾಗಿ ನಿಂತುದು ಈ ದಾಸೋಹ. ಇಂದು ಮಠಗಳಲ್ಲಿ ನಡೆಯುವ ಅನ್ನಸಂತರ್ಪಣೆಗೆ ಈ ಹೆಸರು ರೂಢವಾಗಿದೆ. ಅನ್ನವನ್ನು ಇಕ್ಕುವವನು ದಾತೃವಲ್ಲ, ದಾಸ. ದಾನಕ್ಕೂ ದಾಸೋಹಕ್ಕೂ ಇರುವ ಈ ಅಂತರವನ್ನು ಶಬ್ದದ ಮೂಲವೇ ಸಾರಿ ಹೇಳುತ್ತದೆ.

೪. ತತ್ತ್ವನಿರುಕ್ತಿ

ಇಲ್ಲಿ ಒಂದು ಸಂದೇಹ ಏಳಬಹುದು. ‘ಗು’ ಎಂದರೆ ಕತ್ತಲೆ, ‘ರು’ ಎಂದರೆ ಅದನ್ನು ನಿವಾರಿಸುವವನು ಎಂದು ಗುರು ಶಬ್ದಕ್ಕೆ ಪರಂಪರೆಯು ಹೇಳಿದ ಅರ್ಥವೂ ಲೋಕನಿರುಕ್ತಿಯೇ? ಶಬ್ದಶಾಸ್ತ್ರದ ದೃಷ್ಟಿಯಲ್ಲಿ ಗುರುವೆಂದರೆ ಭಾರವುಳ್ಳವನು, ಗೌರವವುಳ್ಳವನು. ಲ್ಯಾಟಿನ್ ಭಾಷೆಯ ‘ಗ್ರಾವಿಸ್’, ಗ್ರೀಕಿನ ‘ಬರುಸ್’ ಇದರ ಜ್ಞಾತಿಗಳು. ಛಂದಸ್ಸಿನಲ್ಲಿ ಲಘುವಿಗೆ ಪ್ರತಿಯಾಗಿ ಗುರುವೆನ್ನುವುದು ಈ ಮೂಲಾರ್ಥದಿಂದಲೇ. ‘ಲಿಂಗ’ವೆಂದರೆ ಚಿಹ್ನೆ, ಕುರುಹು. ಹೊಗೆಯು ಬೆಂಕಿಗೆ ಲಿಂಗವೆಂದು ತರ್ಕಶಾಸ್ತ್ರ ಹೇಳುವುದೂ, ಪುಲ್ಲಿಂಗ ಸ್ತ್ರೀಲಿಂಗಗಳೆಂದು ವ್ಯಾಕರಣ ಹೇಳುವುದೂ ಈ ಅರ್ಥದಲ್ಲಿ. ಆಗಮಿಕರಾದರೋ ಜಗತ್ತು ಲಯವಾಗುವ ಮತ್ತು ಮರಳಿ ಹೊರಹೊಮ್ಮುವ ತಾಣವೇ ಲಿಂಗವೆಂದು ನಿರ್ವಚಿಸಿದರು. ‘ವೀರ’ ಶಬ್ದದ ರೂಢಾರ್ಥ ಶೂರನೆಂದು. ‘ಸಿದ್ಧಾಂತಶಿಖಾಮಣಿ’ಯು ಶಿವಜೀವರ ಐಕ್ಯವನ್ನು ಬೋಧಿಸುವ ವಿದ್ಯೆಯೇ ‘ವೀ’, ಅದರಲ್ಲಿ ರಮಿಸುವ ಶೈವರು ವೀರಶೈವರು ಎಂದು ವಿವರಿಸುತ್ತದೆ.

‘ಜಂಗಮ’ ಶಬ್ದದಲ್ಲಿ ಈ ಎರಡು ಮಾರ್ಗಗಳ ವ್ಯತ್ಯಾಸ ಅತಿ ಸ್ಫುಟವಾಗಿದೆ. ಹೋಗು ಎಂಬರ್ಥದ ‘ಗಮ್’ ಧಾತುವಿನ ದ್ವಿರುಕ್ತ ರೂಪದಿಂದ ಬಂದ ಈ ಶಬ್ದಕ್ಕೆ ಎಡೆಬಿಡದೆ ಚಲಿಸುವುದು ಎಂದರ್ಥ. ಅದರ ವಿರುದ್ಧ ಪದ ಸ್ಥಾವರ. ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕಿಲ್ಲವೆಂಬ ಅಣ್ಣನವರ ಮಾತಿನ ಬಲವೆಲ್ಲ ಈ ಧಾತ್ವರ್ಥದ ಮೇಲೆ ನಿಂತಿದೆ. ಆದರೆ ಸಾಂಪ್ರದಾಯಿಕ ಅಕ್ಷರನಿರುಕ್ತಿಯು ಜ, ಗ, ಮ ಎಂಬ ಅಕ್ಷರಗಳನ್ನು ಜನನ, ಗಮನ, ಮರಣಗಳಿಗೆ ಹೊಂದಿಸಿ, ಇವು ಮೂರೂ ಇಲ್ಲದವನೇ ಜಂಗಮನೆನ್ನುತ್ತದೆ. ಧಾತುವು ಗಮನವನ್ನು ಹೇಳಿದರೆ ನಿರುಕ್ತಿಯು ಗಮನವನ್ನೇ ನಿರಾಕರಿಸುತ್ತದೆ. ಹಾಗಾದರೆ ನಿರುಕ್ತಿಕಾರನಿಗೆ ಗಮ್ ಧಾತು ತಿಳಿದಿರಲಿಲ್ಲವೆ? ಸಂಸ್ಕೃತವನ್ನು ಬಲ್ಲ ಯಾರಿಗೂ ಅದು ತಿಳಿಯದ ಮಾತಲ್ಲ. ಅವನ ಉದ್ದೇಶ ಶಬ್ದದ ಜನ್ಮವೃತ್ತಾಂತವನ್ನು ಹೇಳುವುದಾಗಿರಲಿಲ್ಲ. ಶಿಷ್ಯನು ಆ ಹೆಸರನ್ನು ಉಚ್ಚರಿಸಿದಾಗಲೆಲ್ಲ ಪ್ರತಿಯೊಂದು ಅಕ್ಷರದಲ್ಲಿಯೂ ತತ್ತ್ವವನ್ನು ನೆನೆಯಲೆಂಬುದು ಅವನ ಆಶಯ. ಬಸವ ನಾಮದ ಮೂರು ಅಕ್ಷರಗಳಿಗೆ ಅನುಭಾವಾರ್ಥವನ್ನು ಹಚ್ಚಿದ ವಚನಗಳೂ ಇದೇ ಜಾತಿಯವು. ಇವನ್ನು ತತ್ತ್ವನಿರುಕ್ತಿಗಳೆಂದು ಪ್ರತ್ಯೇಕವಾಗಿ ಪರಿಗಣಿಸುವುದು ಉಚಿತ. ಲೋಕನಿರುಕ್ತಿಯು ಮರೆವಿನಿಂದ ಹುಟ್ಟಿದುದು, ತತ್ತ್ವನಿರುಕ್ತಿಯು ಸಾಧನೆಗಾಗಿ ರಚಿತವಾದುದು.

ಈ ಭೇದವನ್ನು ಮರೆತಾಗ ಎರಡು ಬಗೆಯ ದೋಷ ಸಂಭವಿಸುತ್ತದೆ. ಭಕ್ತನು ತತ್ತ್ವನಿರುಕ್ತಿಯನ್ನೇ ಶಬ್ದದ ಇತಿಹಾಸವೆಂದು ಸಾಧಿಸಹೊರಟರೆ ವಿದ್ವತ್ಸಭೆಯಲ್ಲಿ ಸೋಲುತ್ತಾನೆ. ಆ ಸೋಲಿನಿಂದ ತತ್ತ್ವಕ್ಕೇ ಕುಂದುಂಟಾಯಿತೆಂದು ನೊಂದುಕೊಳ್ಳುತ್ತಾನೆ. ಭಾಷಾಶಾಸ್ತ್ರವನ್ನು ಕಲಿತ ವಿದ್ಯಾರ್ಥಿಯು ಇತಿಹಾಸದ ಅಳತೆಗೋಲಿನಿಂದ ಅದನ್ನು ಅಳೆದು ಅಜ್ಞಾನವೆಂದು ತಿರಸ್ಕರಿಸಿದರೆ ಸಾಧನೆಯ ಒಂದು ಪರಂಪರೆಯನ್ನೇ ಅರಿಯದೆ ಹೋಗುತ್ತಾನೆ. ಇನ್ನು ಕುಲದ ಹೆಸರನ್ನು ಬೇಕಾದಂತೆ ಒಡೆದು, ಅದರಿಂದ ಕುಲದ ಪ್ರಾಚೀನತೆಯನ್ನೂ ಹೆಚ್ಚುಗಾರಿಕೆಯನ್ನೂ ಸ್ಥಾಪಿಸುವ ಪ್ರಯತ್ನಗಳಿಗಂತೂ ಶಾಸ್ತ್ರದ ಸಮ್ಮತಿಯೂ ಇಲ್ಲ, ಜನ್ಮದ ಹೆಮ್ಮೆಯನ್ನು ತೊರೆಯಬೇಕೆಂದ ಶರಣರ ಸಮ್ಮತಿಯೂ ಇಲ್ಲ.

ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಮೇಲೆ ಮಠಗಳ, ಮನೆಗಳ ತಾಳೆಯೋಲೆಯ ಕಟ್ಟುಗಳಲ್ಲಿ ಅಡಗಿದ್ದ ವಚನಗಳು ಸಾಮಾನ್ಯ ಓದುಗರ ಕೈಗೆ ಬಂದುವು. ಪಾಠವು ಕೈಗೆ ಬಂದರೆ ಸಾಲದು, ಪದವೂ ಕೈಗೆ ಬರಬೇಕು. ವಚನವನ್ನು ಪಠಿಸುವಾಗ ಅಪರಿಚಿತ ಶಬ್ದವೊಂದು ಎದುರಾದರೆ ಮನಸ್ಸಿಗೆ ತೋಚಿದಂತೆ ಅದನ್ನು ಒಡೆಯದೆ, ಅದರ ಹಳೆಯ ರೂಪವನ್ನು ನಿಘಂಟಿನಲ್ಲಿಯೂ ಶಾಸನದಲ್ಲಿಯೂ ಅರಸುವುದು ಓದುಗನ ಕರ್ತವ್ಯ. ಆ ಶ್ರಮಕ್ಕೆ ತಕ್ಕ ಫಲವುಂಟು. ದೇಗುಲವು ಮನೆಯಾಗಿ, ಸೆಜ್ಜೆಯು ಹಾಸಿಗೆಯಾಗಿ, ದಾಸೋಹವು ‘ನಾನು ದಾಸನು’ ಎಂಬ ನಿವೇದನೆಯಾಗಿ ಆಗ ತೆರೆದುಕೊಳ್ಳುತ್ತವೆ.